ಹೊಲದ ಕಾವಲಿಗೂ ಕಾಡಿನ ಬಿಡಾರಕ್ಕೂ ಒದಗುವ ಅಗ್ಗದ ಚೂರಿ: ಅದನ್ನು ಆರಿಸಿಕೊಳ್ಳುವ ಬಗೆ

ನೇಗಿಲನ್ನೂ ಎತ್ತನ್ನೂ ಕೊಳ್ಳುವಾಗ ಹತ್ತು ಜನರನ್ನು ಕೇಳಿ, ಹತ್ತು ಸಲ ತಿರುಗಿಸಿ ನೋಡುವ ರೈತನು ಚೂರಿಯನ್ನು ಕೊಳ್ಳುವಾಗ ಮಾತ್ರ ಅದರ ಹೊಳಪನ್ನು ನೋಡಿ ಹಣವನ್ನು ಕೊಟ್ಟು ಬರುವುದು ವಾಡಿಕೆಯಾಗಿದೆ. ಅಲ್ಪ ಬೆಲೆಯ ವಸ್ತುವೆಂದು ಇದನ್ನು ಉಪೇಕ್ಷಿಸತಕ್ಕದ್ದಲ್ಲ. ರಾತ್ರಿ ಹೊಲದ ಕಾವಲಿಗೆ ಹೋದವನು ಗುಡಿಸಲಿನ ಗೂಟವನ್ನು ಚೂಪು ಮಾಡಲು, ಹಗ್ಗವನ್ನು ಕತ್ತರಿಸಲು, ಸೌದೆಯನ್ನು ಸೀಳಲು, ಕಾಯಿಪಲ್ಯವನ್ನು ಹೆಚ್ಚಲು ಒಂದೇ ಚೂರಿಯನ್ನು ನಂಬಿರುತ್ತಾನೆ. ಅದು ಹಿಡಿಯಿಂದ ಕಳಚಿಕೊಂಡರೆ ಅಥವಾ ಅಲಗು ಮುರಿದರೆ ಹೋಗುವುದು ಚೂರಿಯ ಬೆಲೆಯಲ್ಲ. ಬೆರಳು, ಅದರೊಡನೆ ಸುಗ್ಗಿಯ ಕಾಲದ ದುಡಿಮೆ. ಆದಕಾರಣ ಕಡಮೆ ಹಣದಲ್ಲಿ ಬಾಳಿಕೆಯ ಚೂರಿಯನ್ನು ಪಡೆಯುವ ಕ್ರಮವನ್ನು ಇಲ್ಲಿ ವಿವರಿಸಿದೆ. ಬೆಂಗಳೂರಿನ ಪೂರ್ವಭಾಗದ ಬಿದರಹಳ್ಳಿ, ಹೊಸಕೋಟೆ ಕಡೆಯ ಗ್ರಾಮಗಳವರು ದಂಡಿನ ಪೇಟೆಗಳಿಗೆ ಹೋಗಿಬರುವವರಾದುದರಿಂದ ಆ ಪೇಟೆಗಳನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಲಾಗಿದೆ.

೧. ಮಡಿಚುವ ಚಾಕು ಏಕೆ ಸಾಲದು

ಮಡಿಚುವ ಚಾಕು ಜೇಬಿಗೆ ಅನುಕೂಲವಾದುದು. ಹಣ್ಣನ್ನು ಕೊಯ್ಯಲೂ ಸಣ್ಣ ದಾರವನ್ನು ಕತ್ತರಿಸಲೂ ಅದು ಸಾಕು. ಆದರೆ ಅದರ ಎಲ್ಲ ಬಲವೂ ಒಂದು ಸಣ್ಣ ಕೀಲಿನ ಮೇಲೆ ನಿಂತಿದೆ. ಮಣ್ಣು, ಮರಳು, ತೊಗಟೆಯ ಅಂಟು ಆ ಕೀಲಿಗೆ ಸೇರಿದರೆ ಅದು ಸಡಿಲವಾಗುವುದು. ಒತ್ತಿ ಕೆಲಸ ಮಾಡುವಾಗ ಅಲಗು ಹಿಂದಕ್ಕೆ ಮಡಿಚಿ ಬೆರಳಿನ ಮೇಲೆ ಬೀಳುವ ಸಂಭವವುಂಟು. ಮಡಿಚದ ಚೂರಿಯಲ್ಲಿ ಅಲಗಿನ ಉಕ್ಕೇ ಮುಂದುವರಿದು ಹಿಡಿಯೊಳಗೆ ಸೇರಿರುವುದರಿಂದ ಈ ಭಯವಿಲ್ಲ. ಹೊಲಕ್ಕೂ ಬಿಡಾರಕ್ಕೂ ಇದೇ ತಕ್ಕುದು.

೨. ಅಳತೆ

ಉದ್ದವಾದಷ್ಟೂ ಒಳ್ಳೆಯದೆಂಬುದು ತಪ್ಪು ತಿಳಿವಳಿಕೆ. ಅಲಗು ೪ರಿಂದ ೫ ಅಂಗುಲ ಉದ್ದ, ಬೆನ್ನಿನಲ್ಲಿ ೩ರಿಂದ ೪ ಮಿಲಿಮೀಟರು ದಪ್ಪವಿದ್ದರೆ ಮೇಲೆ ಹೇಳಿದ ಕೆಲಸಗಳೆಲ್ಲವೂ ಆಗುವುವು. ಇದಕ್ಕಿಂತ ತೆಳುವಾದುದು ತರಕಾರಿಗೆ ಚೆನ್ನ, ಸೌದೆಗೆ ಆಗದು. ಇದಕ್ಕಿಂತ ದಪ್ಪನಾದುದು ಕೊಯ್ಯುವುದಕ್ಕೆ ಬದಲಾಗಿ ಸೀಳುತ್ತದೆ. ರಸೆಲ್ ಮಾರುಕಟ್ಟೆಯ ಸುತ್ತಮುತ್ತ ಮಾಂಸದ ಅಂಗಡಿಯವರು ಬಳಸುವ ಅಗಲವಾದ ಕತ್ತಿಯು ಅವರ ಕೆಲಸಕ್ಕೆ ಒಪ್ಪುವುದೇ ಹೊರತು ಒಣಗಿದ ಜಾಲಿಯ ಗೆಣ್ಣಿಗೆ ಒಪ್ಪುವುದಿಲ್ಲ. ಕೊಂಬೆಗಳನ್ನು ಕಡಿಯುವ ಕೆಲಸ ಹೆಚ್ಚಾಗಿದ್ದರೆ ಅದಕ್ಕೆ ಮಚ್ಚು ಬೇರೆಯೇ ಇರಬೇಕು. ಒಂದು ಸಣ್ಣ ಚೂರಿ, ಒಂದು ಮಚ್ಚು: ಈ ಜೋಡಿಯು ದೊಡ್ಡದೊಂದು ಚೂರಿಗಿಂತ ಮೇಲು.

೩. ಉಕ್ಕಿನ ಗುಣ

ಕಬ್ಬಿಣದೊಳಗೆ ಸೇರಿರುವ ಇಂಗಾಲದ ಪ್ರಮಾಣದಿಂದ ಉಕ್ಕಿನ ಗುಣವು ಹೆಚ್ಚಾಗಿ ನಿರ್ಧಾರವಾಗುವುದು. ಕಿಟಕಿಯ ಸರಳು, ಮಾಮೂಲು ಕಬ್ಬಿಣದ ಪಟ್ಟಿ ಇವುಗಳಲ್ಲಿ ಇಂಗಾಲವು ನೂರಕ್ಕೆ ಕಾಲು ಭಾಗಕ್ಕೂ ಕಡಮೆ. ಇದನ್ನು ಎಷ್ಟು ಕಾಯಿಸಿ ನೀರಿಗೆ ಅದ್ದಿದರೂ ಬಾಯಿ ನಿಲ್ಲುವುದಿಲ್ಲ. ಲಾರಿಗಳ ಕಮಾನುಪಟ್ಟಿಯಲ್ಲಿ ನೂರಕ್ಕೆ ಸುಮಾರು ಅರ್ಧದಿಂದ ಮುಕ್ಕಾಲು ಭಾಗದೊಳಗೆ ಇಂಗಾಲವಿರುವುದು. ಇದು ಗಟ್ಟಿಯಾಗಲೂ ಬಲ್ಲುದು, ಪೆಟ್ಟನ್ನು ತಾಳಲೂ ಬಲ್ಲುದು. ಒಳ್ಳೆಯ ಅರಗಳಲ್ಲಿ ಇಂಗಾಲವು ನೂರಕ್ಕೆ ಒಂದು ಭಾಗದಷ್ಟು ಅಥವಾ ತುಸು ಹೆಚ್ಚಾಗಿರುವುದು; ಬಾಯಿ ಬಹಳ ಹರಿತವಾದರೂ ಹದ ತಪ್ಪಿದರೆ ಗಾಜಿನಂತೆ ಮುರಿಯುವುದು.

ತುಕ್ಕು ಹಿಡಿಯದ ಉಕ್ಕಿನಲ್ಲಿ ಕ್ರೋಮಿಯಂ ಎಂಬ ಲೋಹವು ನೂರಕ್ಕೆ ಹತ್ತೂವರೆ ಭಾಗಕ್ಕಿಂತ ಹೆಚ್ಚಾಗಿರುವುದು. ಮಳೆಗಾಲಕ್ಕೂ ಅಡಿಗೆಗೂ ಇದು ಅನುಕೂಲ. ಆದರೆ ಚಮಚಗಳಿಗೆ ಬಳಸುವ ಮೆತ್ತನೆಯ ಜಾತಿಯೂ ಇದರಲ್ಲಿಯೇ ಉಂಟು. ನೋಟಕ್ಕೆ ಎರಡೂ ಒಂದೇ. ಹೊಳಪು ಉಕ್ಕಿನ ಗುಣಕ್ಕೆ ಸಾಕ್ಷಿಯಲ್ಲ.

ಉಕ್ಕಿನ ಮರ್ಮವು ಈ ಸೀಮೆಗೆ ಹೊಸದೇನೂ ಅಲ್ಲ. ೧೮೦೦-೦೧ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯನು ಮಾಗಡಿಯ ಸುತ್ತಿನಲ್ಲಿ ಮಣ್ಣಿನ ಮೂಸೆಗಳಲ್ಲಿ ಕಬ್ಬಿಣದೊಡನೆ ತಂಗಡಿಯ ಕಟ್ಟಿಗೆಯನ್ನಿಟ್ಟು ಉಕ್ಕು ಮಾಡುತ್ತಿದ್ದುದನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಕಟ್ಟಿಗೆಯ ಇಂಗಾಲವು ಕಬ್ಬಿಣಕ್ಕೆ ಸೇರಿ ಅದು ಉಕ್ಕಾಗುತ್ತಿದ್ದಿತು. ೧೭೯೫ರಲ್ಲಿಯೇ ಲಂಡನ್ನಿನ ವಿದ್ವಾಂಸರು ಪರೀಕ್ಷಿಸಿದ ‘ವೂಟ್ಜ್’ ಎಂಬ ಉಕ್ಕಿನ ಹೆಸರು ಕನ್ನಡದ ‘ಉಕ್ಕು’ ಎಂಬ ಶಬ್ದದಿಂದಲೇ ಹುಟ್ಟಿತೆಂದು ಅನೇಕರ ಅಭಿಪ್ರಾಯ.

೪. ಎಲ್ಲಿ ಕೊಳ್ಳುವುದು

ಇಂದಿರಾನಗರದಂತಹ ಬಡಾವಣೆಗಳ ದೊಡ್ಡ ಅಂಗಡಿಗಳಲ್ಲಿ ದೊರೆಯುವ ಪರದೇಶದ ಚೂರಿಗಳಿಗೆ ಬೆಲೆ ಹೆಚ್ಚು. ಅವುಗಳಲ್ಲಿಯೂ ಅಗ್ಗವಾದ ಒಳ್ಳೆಯ ಮಾದರಿಗಳುಂಟು. ಸ್ವೀಡನ್ ದೇಶದ ಮೋರಾ ಎಂಬ ಊರಿನಲ್ಲಿ ೧೮೯೧ರಿಂದ ಚೂರಿಯ ಕಾರ್ಖಾನೆಯು ನಡೆದುಬಂದಿದೆ. ಸುಮಾರು ೪ ಅಂಗುಲದ ಸರಳವಾದ ಅಲಗು, ಅಲಂಕಾರವಿಲ್ಲದ ಹಿಡಿ, ಇಷ್ಟೇ ಅದರ ರೂಪ. ಬಡಗಿಗಳೂ ಬಿಡಾರ ಹೂಡುವವರೂ ಅದನ್ನು ಮೆಚ್ಚಿರುವುದಕ್ಕೆ ಕಾರಣ ಹದವಾದ ಉಕ್ಕೇ ಹೊರತು ವೇಷವಲ್ಲ. ಬೆನ್ನಿನಲ್ಲಿ ಗರಗಸದ ಹಲ್ಲು, ಹಿಡಿಯ ಪೊಳ್ಳಿನಲ್ಲಿ ದಿಕ್ಸೂಚಿ ಇಟ್ಟಿರುವ ಚೂರಿಗಳನ್ನು ಬಿಡುವುದೇ ಲೇಸು. ಪೊಳ್ಳು ಹಿಡಿಯೊಳಗೆ ಅಲಗಿನ ಉಕ್ಕು ಒಂದು ಅಂಗುಲವೂ ಹೋಗಿರುವುದಿಲ್ಲ.

ಗ್ರಾಮಸ್ಥರಿಗೆ ಮತ್ತೊಂದು ದಾರಿಯುಂಟು. ಶಿವಾಜಿನಗರದ ಗುಜರಿ ಅಂಗಡಿಗಳಲ್ಲಿ ಹಳೆಯ ವಾಹನಗಳ ಭಾಗಗಳನ್ನು ಬಿಡಿಸಿ ಮಾರುತ್ತಾರೆ. ಅಲ್ಲಿ ಕಮಾನುಪಟ್ಟಿಯ ತುಂಡನ್ನು ತೂಕದ ಲೆಕ್ಕದಲ್ಲಿ ಕೊಂಡು ಊರಿನ ಕಮ್ಮಾರನಿಗೆ ಕೊಟ್ಟರೆ ಚೂರಿಯು ಕಡಮೆ ಖರ್ಚಿನಲ್ಲಿ ಆಗುವುದು. ಆದರೆ ಸವೆದ ಪಟ್ಟಿಯಲ್ಲಿ ಕಣ್ಣಿಗೆ ಕಾಣದ ಬಿರುಕಿರಬಹುದು. ಪಟ್ಟಿಯ ನಡುವಿನ ತೂತಿನ ಸಮೀಪದ ಭಾಗವನ್ನು ಬಿಟ್ಟು, ಮೇಲ್ಮೈಯನ್ನು ಉಜ್ಜಿ ಶುಚಿಮಾಡಿ, ಸೀಮೆಎಣ್ಣೆಯನ್ನು ಸವರಿ ಒರಸಿ, ಸುಣ್ಣದ ಪುಡಿಯನ್ನು ಉದುರಿಸಿದರೆ ಬಿರುಕಿನಲ್ಲಿ ನಿಂತ ಎಣ್ಣೆಯು ಗೆರೆಯಾಗಿ ಮೇಲಕ್ಕೆ ತೋರುವುದು. ಅಂತಹ ತುಂಡನ್ನು ತೆಗೆದುಕೊಳ್ಳತಕ್ಕದ್ದಲ್ಲ.

ಕೃಷ್ಣರಾಜಪುರದ ಸಂತೆಯಲ್ಲಿಯೂ ಹಲಸೂರಿನ ಪೇಟೆಯಲ್ಲಿಯೂ ಸಿದ್ಧವಾದ ಚೂರಿಗಳನ್ನು ನೋಡಿದರೆ ಮುಂದಿನ ಪರೀಕ್ಷೆಗಳನ್ನು ಮಾಡಿಯೇ ಹಣವನ್ನು ಕೊಡಬೇಕು.

೫. ಅಂಗಡಿಯಲ್ಲಿ ಮಾಡತಕ್ಕ ಪರೀಕ್ಷೆಗಳು

ಮೊದಲನೆಯದು: ಅಲಗನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಬೆನ್ನಿನ ಉದ್ದಕ್ಕೂ ನೋಡಬೇಕು. ಡೊಂಕಿದ್ದರೆ ಬೇಡ.

ಎರಡನೆಯದು: ಒಂದು ಸಣ್ಣ ಅರವನ್ನು ಒಯ್ದು, ಅಂಗಡಿಯವನ ಒಪ್ಪಿಗೆ ಪಡೆದು, ಹಿಡಿಯ ಬಳಿ ಬಾಯಿಯ ಮೇಲೆ ಮೆಲ್ಲಗೆ ಎಳೆಯಬೇಕು. ಮರಕ್ಕೆ ಕಚ್ಚುವಂತೆ ಅರವು ಕಚ್ಚಿದರೆ ಉಕ್ಕು ಮೆತ್ತಗಿದೆ. ಗಾಜಿನ ಮೇಲೆ ಜಾರುವಂತೆ ಜಾರಿದರೆ ಅತಿ ಗಟ್ಟಿ. ಕಷ್ಟಪಟ್ಟು ತುಸುವೇ ಕಚ್ಚಿದರೆ ಹದವಾಗಿದೆಯೆಂದು ತಿಳಿಯಬಹುದು.

ಮೂರನೆಯದು: ಹಿಡಿಯನ್ನು ನೋಡಬೇಕು. ಅಲಗಿನ ಉಕ್ಕು ಹಿಡಿಯ ಕೊನೆಯವರೆಗೂ ಅಗಲವಾಗಿ ಬಂದು, ಎರಡು ಪಕ್ಕಕ್ಕೂ ಮರದ ಹೋಳುಗಳನ್ನಿಟ್ಟು ಕನಿಷ್ಠ ಎರಡು ಮೊಳೆಗಳಿಂದ ಬಿಗಿದಿದ್ದರೆ ಅದು ಎಲ್ಲಕ್ಕಿಂತ ಭದ್ರ. ಅಲಗಿನ ಬಾಲವು ಸಣ್ಣದಾಗಿ ಹಿಡಿಯೊಳಗೆ ಹೋಗಿರುವ ಚೂರಿಯು ಕೆತ್ತುವ ಕೆಲಸಕ್ಕೆ ಸಾಕಾದೀತು. ಬಡಿದು ಸೌದೆ ಸೀಳುವುದಕ್ಕೆ ಅದನ್ನು ನಂಬತಕ್ಕದ್ದಲ್ಲ. ಹಿಡಿಯ ಸಂದುಗಳಲ್ಲಿ ಉಗುರು ತೂರುವಂತಿದ್ದರೆ ನೀರು ಸೇರಿ ಒಳಗಿನ ಉಕ್ಕು ತುಕ್ಕು ಹಿಡಿಯುವುದು.

ನಾಲ್ಕನೆಯದು: ಕೈಯನ್ನು ಒದ್ದೆಮಾಡಿಕೊಂಡು ಹಿಡಿದು ನೋಡಬೇಕು. ಬೆವರಿದ ಕೈ ಮುಂದಕ್ಕೆ ಜಾರಿ ಬಾಯಿಯ ಮೇಲೆ ಹೋಗದಂತೆ ಹಿಡಿಯ ಮುಂಭಾಗದಲ್ಲಿ ಸಣ್ಣ ತಡೆಯಿರಬೇಕು. ಹೊಳೆಯುವ ಬಣ್ಣ ಬಳಿದ ಹಿಡಿಗಿಂತ ಎಣ್ಣೆ ಕುಡಿಸಿದ ಮರದ ಹಿಡಿಯು ಕೈಗೆ ಒಗ್ಗುವುದು.

ಐದನೆಯದು: ಕೊಂಡ ದಿನವೇ ಒಣ ಬಿದಿರಿನ ಗೆಣ್ಣನ್ನು ಹತ್ತಾರು ಸಲ ಕೊಚ್ಚಿ ಬಾಯಿಯನ್ನು ಬೆಳಕಿಗೆ ಹಿಡಿಯಬೇಕು. ಬಾಯಿ ಮಡಿಚಿದ್ದರೆ ಮೆತ್ತಗಿದೆ. ಹಲ್ಲು ಬಿದ್ದಿದ್ದರೆ ಗಡುಸು ಹೆಚ್ಚು. ಮರಳಿಸಿ ಕೊಡುವ ಕರಾರನ್ನು ಮೊದಲೇ ಮಾಡಿಕೊಂಡಿದ್ದರೆ ನಷ್ಟವಿಲ್ಲ.

೬. ಕಮ್ಮಾರನಲ್ಲಿ ಮಾಡಿಸುವಾಗ

ಕಮಾನುಪಟ್ಟಿಯ ಉಕ್ಕನ್ನು ನೀರಿನಲ್ಲಿ ತಣಿಸಿದರೆ ಬಿರಿಯುವ ಭಯವುಂಟು. ಎಣ್ಣೆಯಲ್ಲಿ ತಣಿಸುವಂತೆ ಹೇಳಬೇಕು. ಕುಲುಮೆಯಲ್ಲಿ ಕೆಂಪಗೆ ಕಾದ ಅಲಗಿಗೆ ಅಯಸ್ಕಾಂತವನ್ನು ತೋರಿಸಿದರೆ ಸುಮಾರು ೭೭೦ ಡಿಗ್ರಿ ಸೆಂಟಿಗ್ರೇಡಿನಲ್ಲಿ ಅದು ಅಂಟುವುದನ್ನು ಬಿಡುವುದು. ಅಲ್ಲಿಂದ ಇನ್ನು ಸ್ವಲ್ಪವೇ ಕಾಯಿಸಿ ತಣಿಸುವುದು ಸರಿಯಾದ ಕ್ರಮ. ಬೆಳ್ಳಗಾಗುವವರೆಗೂ ಕಾಯಿಸಿದರೆ ಉಕ್ಕು ಸುಟ್ಟು ಪುಡಿಯಾಗುವ ಗುಣಕ್ಕೆ ಬರುವುದು.

ತಣಿಸಿದ ಅಲಗು ಅತಿ ಗಡುಸಾಗಿರುವುದರಿಂದ ಅದನ್ನು ಉಜ್ಜಿ ಬೆಳ್ಳಗೆ ಮಾಡಿ, ಬೆನ್ನಿನ ಕಡೆಯಿಂದ ಮತ್ತೆ ಮೆಲ್ಲಗೆ ಕಾಯಿಸಬೇಕು. ಆಗ ಬಣ್ಣಗಳು ಒಂದಾದ ಮೇಲೊಂದು ಓಡುವುವು: ಸುಮಾರು ೨೩೦ ಡಿಗ್ರಿಗೆ ಒಣಹುಲ್ಲಿನ ಬಣ್ಣ, ೨೬೦ಕ್ಕೆ ಕಂದು, ೨೮೦ಕ್ಕೆ ನೇರಳೆ, ೩೦೦ಕ್ಕೆ ನೀಲಿ. ಚೂರಿಯ ಬಾಯಿಗೆ ಹುಲ್ಲಿನ ಬಣ್ಣದಿಂದ ಕಂದಿನವರೆಗೆ, ಮಚ್ಚಿಗೆ ನೇರಳೆಯಿಂದ ನೀಲಿಯವರೆಗೆ ಬಂದಾಗ ನಿಲ್ಲಿಸುವುದು ವಾಡಿಕೆ. ಈ ಕಾರಣದಿಂದಲೇ, ವಿದ್ಯುತ್ ಸಾಣೆಚಕ್ರಕ್ಕೆ ಒತ್ತಿ ಹಿಡಿದ ಚೂರಿಯ ಬಾಯಿ ನೀಲಿಯಾದರೆ ಅದರ ಹದ ಕೆಟ್ಟಿತೆಂದು ತಿಳಿಯತಕ್ಕದ್ದು. ಸಾಣೆಯವನಿಗೆ ಮೇಲಿಂದ ಮೇಲೆ ನೀರಿಗೆ ಅದ್ದುವಂತೆ ಹೇಳಬೇಕು.

೭. ಮಸೆಯುವುದೂ ಕಾಪಾಡುವುದೂ

ಮೊಂಡು ಚೂರಿಯು ಹರಿತವಾದ ಚೂರಿಗಿಂತ ಅಪಾಯಕರ; ಹೆಚ್ಚು ಒತ್ತಬೇಕಾಗುವುದರಿಂದ ಅದು ಜಾರುತ್ತದೆ. ಚೂರಿಯನ್ನು ಕಲ್ಲಿನ ಮೇಲೆ ಒಂದೊಂದು ಪಕ್ಕಕ್ಕೂ ಸುಮಾರು ೨೦ ಡಿಗ್ರಿ ಓರೆಯಲ್ಲಿ ಹಿಡಿದು ಮಸೆಯಬೇಕು. ಓರೆಯನ್ನು ಅಳೆಯಲು ಸಾಧನ ಬೇಕಿಲ್ಲ: ಕಾಗದದ ಚೌಕಮೂಲೆಯನ್ನು ಅರ್ಧಕ್ಕೆ ಮಡಿಚಿದರೆ ೪೫, ಮತ್ತೊಮ್ಮೆ ಮಡಿಚಿದರೆ ಇಪ್ಪತ್ತೆರಡೂವರೆ ಡಿಗ್ರಿ, ಅದಕ್ಕಿಂತ ಕೂದಲೆಳೆಯಷ್ಟು ತಗ್ಗಿಸಿದರೆ ಸರಿಹೋಯಿತು. ಎರಡು ಪಕ್ಕವನ್ನೂ ಸಮವಾಗಿ ಮಸೆದು ಕಡೆಯಲ್ಲಿ ತೊಗಲಿನ ಪಟ್ಟಿಯ ಮೇಲೆ ಹಿಂದಕ್ಕೆ ಎಳೆದರೆ ಬಾಯಿ ನುಣುಪಾಗುವುದು.

ಕೆಲಸ ಮುಗಿದೊಡನೆ ಒರಸಿ, ಒಣಗಿಸಿ, ಕೊಬ್ಬರಿ ಎಣ್ಣೆಯನ್ನು ತೆಳುವಾಗಿ ಸವರಬೇಕು. ನಿಂಬೆ, ಮಾವಿನಕಾಯಿಗಳ ಹುಳಿ ಉಕ್ಕನ್ನು ತಿನ್ನುವುದು. ಹಲಸಿನ ಹಣ್ಣನ್ನು ಕೊಯ್ಯುವ ಮುಂಚೆ ಎಣ್ಣೆ ಹಚ್ಚುವ ಗೃಹಿಣಿಯರ ಪದ್ಧತಿಯು ಚೂರಿಗೂ ಹಿತವೇ. ತೊಗಲಿನ ಒರೆಯು ನಡುವಿಗೆ ಕಟ್ಟಿಕೊಂಡು ಹೋಗುವುದಕ್ಕೆ ಬೇಕು. ಮನೆಯಲ್ಲಿ ತಿಂಗಳುಗಟ್ಟಲೆ ಅದರಲ್ಲಿಯೇ ಇಟ್ಟರೆ ತೇವ ನಿಂತು ತುಕ್ಕು ಹಿಡಿಯುವುದು.

ಗಾಯವಾದರೆ ಶುದ್ಧವಾದ ನೀರು, ಸಾಬೂನುಗಳಿಂದ ತೊಳೆದು, ಶುಭ್ರವಾದ ಬಟ್ಟೆಯನ್ನು ಒತ್ತಿ ಕಟ್ಟಿ, ಧನುರ್ವಾಯುವಿನ ಚುಚ್ಚುಮದ್ದಿನ ಬಗ್ಗೆ ಆಸ್ಪತ್ರೆಯಲ್ಲಿ ವಿಚಾರಿಸಬೇಕು. ಅರಿಸಿನ, ಸುಣ್ಣ, ಸಗಣಿಗಳನ್ನು ಗಾಯಕ್ಕೆ ಮೆತ್ತತಕ್ಕದ್ದಲ್ಲ. ಧನುರ್ವಾಯುವಿನ ಕ್ರಿಮಿಗಳು ಮಣ್ಣಿನಲ್ಲಿಯೂ ಸಗಣಿಯಲ್ಲಿಯೂ ಇರುವುವು.

೮. ಕಾನೂನು

೧೯೫೯ರ ಆಯುಧಗಳ ಕಾನೂನಿಗೆ ಸಂಬಂಧಿಸಿದ ೨೦೧೬ರ ನಿಯಮಗಳಲ್ಲಿ ೯ ಅಂಗುಲಕ್ಕಿಂತ ಉದ್ದವಾದ ಅಥವಾ ೨ ಅಂಗುಲಕ್ಕಿಂತ ಅಗಲವಾದ ಅಲಗುಗಳನ್ನು ಆಯುಧಗಳ ಪಟ್ಟಿಯಲ್ಲಿ ಸೇರಿಸಿದೆ. ಮನೆಗೆಲಸಕ್ಕೂ ಬೇಸಾಯಕ್ಕೂ ಮಾಡಿದವುಗಳನ್ನು ಅದರಿಂದ ಬಿಟ್ಟಿದೆ. ಹಾಗೆಂದು ಚೂರಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಪೇಟೆಯಲ್ಲಿ ತಿರುಗುವುದು ವಿವೇಕವಲ್ಲ. ಕೊಂಡ ಚೂರಿಯನ್ನು ಕಾಗದದಲ್ಲಿ ಸುತ್ತಿ ಚೀಲದ ತಳದಲ್ಲಿಟ್ಟು, ರಸೀತಿಯೊಡನೆ ಊರಿಗೆ ತರತಕ್ಕದ್ದು. ಹಲಸೂರು, ಇಂದಿರಾನಗರ, ಕೃಷ್ಣರಾಜಪುರಗಳ ಮೇಲೆ ಹಾಯುವ ಮೆಟ್ರೋ ರೈಲಿನ ತಪಾಸಣೆಯಲ್ಲಿ ಹರಿತವಾದ ವಸ್ತುಗಳನ್ನು ತಡೆಯುವುದರಿಂದ ಅಂದು ಬೇರೆ ವಾಹನದಲ್ಲಿ ಬರುವುದು ಲೇಸು. ಕಾಯ್ದಿಟ್ಟ ಅರಣ್ಯದಲ್ಲಿ ಅಪ್ಪಣೆಯಿಲ್ಲದೆ ಬಿಡಾರ ಹೂಡುವುದೂ ಹಸಿ ಮರವನ್ನು ಕಡಿಯುವುದೂ ಅಪರಾಧ.

೯. ಗ್ರಾಮದ ಮುಖಂಡರ ಗಮನಕ್ಕೆ

ಊರಿನ ಕುಲುಮೆಯು ಆರಿಹೋದರೆ ಒಂದು ಕುಡುಗೋಲಿಗೆ ಕಕ್ಕು ಹಾಕಿಸಲೂ ಪೇಟೆಗೆ ಅಲೆಯಬೇಕಾಗುವುದು. ಹತ್ತು ಮನೆಯವರು ಕೂಡಿ ಕಮಾನುಪಟ್ಟಿಯನ್ನು ಒಟ್ಟಿಗೆ ತರಿಸಿ, ಹತ್ತು ಚೂರಿಗಳನ್ನು ಒಮ್ಮೆಗೇ ಮಾಡಿಸಿದರೆ ಇದ್ದಿಲು, ಎಣ್ಣೆಗಳ ಖರ್ಚು ಹಂಚಿಹೋಗುವುದು. ಕಮ್ಮಾರನಿಗೂ ನಾಲ್ಕು ದಿನದ ಕೆಲಸ ಸಿಕ್ಕುವುದು. ಒಂದು ಒಳ್ಳೆಯ ಸಾಣೆಕಲ್ಲನ್ನು ಎಲ್ಲರಿಗೂ ಸಿಕ್ಕುವ ಸ್ಥಳದಲ್ಲಿಟ್ಟು, ಮಸೆಯುವ ಕ್ರಮವನ್ನು ಹುಡುಗರಿಗೆ ತಿಳಿದವರು ಕಲಿಸಿಕೊಡಬೇಕು.

ಸಾರಾಂಶವಿಷ್ಟೆ: ಅಲಗು ಗೇಣಿಗಿಂತ ಚಿಕ್ಕದಿರಲಿ, ಉಕ್ಕು ಹಿಡಿಯ ಕೊನೆಯವರೆಗೂ ಬಂದಿರಲಿ, ಅರದ ಪರೀಕ್ಷೆ ತಪ್ಪದಿರಲಿ, ಹೊಳಪಿಗೆ ಹಣ ಹೋಗದಿರಲಿ. ಹೀಗೆ ಆರಿಸಿದ ಚೂರಿಯನ್ನು ಒಣಗಿಸಿ, ಮಸೆದು ಕಾಪಾಡಿದರೆ ಅದು ಕೊಂಡವನ ಕೈಯಲ್ಲಿ ಬಾಳಿ ಅವನ ಮಗನ ಕೈಗೂ ಬರುವುದರಲ್ಲಿ ಸಂದೇಹವಿಲ್ಲ.