ಬೆರಳ ತುದಿಯಲ್ಲಿ ಜೂಜು, ಬಾಗಿಲಲ್ಲಿ ಸಾಲ!

ಸಂಬಳ ಬಂದು ಹತ್ತು ದಿನ ಆಗಿಲ್ಲ, ಆಗಲೇ ‘ಕೈ ಖಾಲಿ’ ಅಂತಾರೆ ಯಜಮಾನರು. ಚೀಟಿ ಕಂತಿಗೆಂದು ಎತ್ತಿಟ್ಟ ದುಡ್ಡು ಜಾಗದಲ್ಲಿಲ್ಲ. ಕೇಳಿದರೆ ಸಿಡಿಮಿಡಿ. ರಾತ್ರಿ ಒಂದು ಗಂಟೆಯಾದರೂ ಮೊಬೈಲ್ ಬೆಳಕು ಆರೋದಿಲ್ಲ. ನಿಮ್ಮ ಮನೆಯಲ್ಲೂ ಹೀಗೇನಾ? ಹಾಗಾದರೆ ಸ್ವಲ್ಪ ಎಚ್ಚರ ವಹಿಸಿ.

ಹಿಂದೆ ಒಂದಂಕಿ ಲಾಟರಿ ಎಷ್ಟು ಸಂಸಾರಗಳನ್ನು ಬೀದಿಗೆ ತಂದಿತ್ತು ಅನ್ನೋದು ನಮ್ಮ ಅಮ್ಮಂದಿರಿಗೆ ಗೊತ್ತು. 2007ರಲ್ಲಿ ರಾಜ್ಯದಲ್ಲಿ ಲಾಟರಿ ನಿಂತಾಗ ಅವರೆಲ್ಲ ನಿಟ್ಟುಸಿರು ಬಿಟ್ಟರು. ಆದರೆ ಲಾಟರಿಗೆ ಅಂಗಡಿ ಇತ್ತು, ರಾತ್ರಿ ಬಾಗಿಲು ಹಾಕುತ್ತಿತ್ತು. ಮೊಬೈಲಿನ ಅಂಗಡಿಗೆ ಬಾಗಿಲೇ ಇಲ್ಲವಲ್ಲ!

ಇದನ್ನು ಪೂರ್ತಿ ನಿಷೇಧಿಸಬೇಕೋ, ಕಟ್ಟುಪಾಡು ಹಾಕಿ ನಡೆಯಲು ಬಿಡಬೇಕೋ ಎಂಬ ವಾದ ಬಹಳ ದಿನದ್ದು. ನಮ್ಮ ರಾಜ್ಯ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಕೌಶಲದ ಆಟ ಜೂಜಲ್ಲ ಎಂಬ ವಾದವನ್ನು ಒಪ್ಪಿ, 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಹೊಸ ಕಾಯ್ದೆಯನ್ನೇ ಪಾಸು ಮಾಡಿತು. ಕೌಶಲವಿರಲಿ, ಅದೃಷ್ಟವಿರಲಿ, ಹಣ ಕಟ್ಟಿ ಆಡಿಸುವುದೇ ಅಪರಾಧ ಎಂದಿತು. ಆಡಿಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಜಾಹೀರಾತು ಕೊಟ್ಟವರಿಗೂ ಶಿಕ್ಷೆ ಉಂಟು. ಕಂಪನಿಗಳು ಕೋರ್ಟ್ ಮೆಟ್ಟಿಲೇರಿದವು.

‘ನಿಷೇಧಿಸಿದರೆ ಆಟಗಾರರು ವಿದೇಶಿ ಸೈಟುಗಳಿಗೆ ಹೋಗ್ತಾರೆ. ಅಲ್ಲಿ ಮೋಸವಾದರೆ ಕೇಳೋರಿಲ್ಲ. ಅದರ ಬದಲು ವಯಸ್ಸಿನ ಮಿತಿ, ಹಣದ ಮಿತಿ ಹಾಕಿ, ತೆರಿಗೆ ವಸೂಲಿ ಮಾಡಿ’ ಅನ್ನುತ್ತಾರೆ ಇನ್ನೊಂದು ಪಕ್ಷದವರು. ಮಾತಿನಲ್ಲಿ ಹುರುಳಿಲ್ಲ ಅಂತ ತಳ್ಳಿಹಾಕುವಂತಿಲ್ಲ. ಆದರೆ ಮಿತಿ ಅನ್ನೋದು ಚಟಕ್ಕೆ ಬಿದ್ದವರ ಕಿವಿಗೆ ಬೀಳುತ್ತದೆಯೇ? ‘ಕಳೆದಿದ್ದನ್ನು ವಾಪಸ್ ಗೆಲ್ತೀನಿ’ ಅಂತ ಮತ್ತೆ ಕಟ್ಟುವುದೇ ಈ ರೋಗದ ಲಕ್ಷಣ. ಧರ್ಮರಾಯನಂಥ ಧರ್ಮರಾಯನೇ ನಿಲ್ಲಿಸಲಾಗದೆ ದ್ರೌಪದಿಯನ್ನು ಪಣಕ್ಕಿಟ್ಟ. ಇಂದು ಪಣಕ್ಕೆ ಬೀಳುವುದು ನಿಮ್ಮ ಕತ್ತಿನ ಸರ, ಮಕ್ಕಳ ಫೀಸು.

ನೀವು ತಿಳಿದಿರಬೇಕಾದ ಮುಖ್ಯ ಮಾತೊಂದಿದೆ. 2025ರ ಕಾಯ್ದೆಯಲ್ಲಿ ಶಿಕ್ಷೆ ಆಡಿಸುವವರಿಗೆ, ಆಡಿದವರಿಗಲ್ಲ. ‘ಹೇಳಿದರೆ ಗಂಡನನ್ನು ಹಿಡ್ಕೊಂಡು ಹೋಗ್ತಾರೆ’ ಎಂಬ ಭಯದಿಂದ ಬಾಯಿ ಮುಚ್ಚಿಕೊಂಡು ಕೂರಬೇಡಿ.

ಇಷ್ಟು ಮಾಡಿ:

* ಜಗಳದಿಂದ ಶುರು ಮಾಡಬೇಡಿ. ಅವರು ಸಮಾಧಾನವಾಗಿರುವಾಗ ‘ಒಟ್ಟು ಎಷ್ಟು ಸಾಲ ಇದೆ ಹೇಳಿ, ಇಬ್ಬರೂ ಕೂತು ನೋಡೋಣ’ ಎನ್ನಿ. ಲೆಕ್ಕವನ್ನು ಕಾಗದದ ಮೇಲೆ ಬರೆಸಿ.

* ‘ಇದೊಂದು ಸಲ’ ಅಂದರೂ ಒಡವೆ ಅಡವಿಟ್ಟು ಹಣವನ್ನು ಕೈಗೆ ಕೊಡಬೇಡಿ. ಕಟ್ಟಲೇಬೇಕಾದ ಸಾಲವಿದ್ದರೆ ನೇರವಾಗಿ ಬ್ಯಾಂಕಿಗೇ ಕಟ್ಟಿ.

* ಮನೆಖರ್ಚಿನ ಹಣ ನಿಮ್ಮ ಹೆಸರಿನ ಖಾತೆಯಲ್ಲಿರಲಿ. ಪಿನ್ ಗುಟ್ಟಾಗಿರಲಿ, ಮಕ್ಕಳಿಗೂ ಹೇಳಬೇಡಿ.

* ಬೆಟ್ಟಿಂಗ್ ಬಾಕಿಗೆಂದು ಬುಕ್ಕಿ ಮನೆಗೆ ಬಂದು ಕೂಗಾಡಿದರೆ ಹೆದರಬೇಡಿ. 1872ರ ಕರಾರು ಕಾಯ್ದೆಯ 30ನೇ ಕಲಂ ಪ್ರಕಾರ ಪಂದ್ಯದ ಹಣವನ್ನು ಕೋರ್ಟಿನಲ್ಲಿ ವಸೂಲು ಮಾಡಲಾಗದು. ಬೆದರಿಸಿದರೆ ಪೊಲೀಸರಿಗೆ ತಿಳಿಸಿ.

* ಆನ್‌ಲೈನ್‌ನಲ್ಲಿ ಮೋಸವಾಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

* ಇದು ಚಟ, ಬುದ್ಧಿಮಾತಿಗೆ ಬಗ್ಗುವುದು ಕಷ್ಟ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲ್, ಇಂಟರ್‌ನೆಟ್ ಗೀಳಿಗೆಂದೇ 2014ರಲ್ಲಿ ‘ಷಟ್’ ಕ್ಲಿನಿಕ್ ಶುರುವಾಯಿತು. ‘ಜೀವ ಸಾಕಾಗಿದೆ’ ಎಂಬ ಮಾತು ಬಂದರಂತೂ ಒಂದು ಕ್ಷಣವೂ ಒಬ್ಬರನ್ನೇ ಬಿಡಬೇಡಿ, ಕೂಡಲೇ ವೈದ್ಯರ ಬಳಿ ಕರೆದೊಯ್ಯಿರಿ.

ಕಾನೂನಿನ ಜಗ್ಗಾಟ ದಿಲ್ಲಿಯಲ್ಲಿ ನಡೆಯುತ್ತಿರಲಿ. ನಿಮ್ಮ ಮನೆಯ ಲೆಕ್ಕದ ಪುಸ್ತಕ ಮಾತ್ರ ಇವತ್ತೇ ತೆರೆಯಿರಿ.