ಹೆಸರಿನ ಜಾಡು

ಕೃಷ್ಣರಾಜಪುರದಿಂದ ಪಡುವಣಕ್ಕೆ ಸಾಗುವ ರೈಲುಹಳಿ ಬೆಂಗಳೂರಿನ ದಂಡು ಪ್ರದೇಶವನ್ನು ಮುಟ್ಟುತ್ತದೆ. 1864ರಲ್ಲಿ ಜೋಲಾರಪೇಟೆಯಿಂದ ಈ ದಾರಿ ತೆರೆದ ಮೇಲೆ ಸಿಪಾಯಿಗಳೂ ವರ್ತಕರೂ ನಾನಾ ನಾಡುಗಳಿಂದ ದಂಡಿಗೆ ಬಂದು ನೆಲಸಿದರು. ಹೀಗೆ ನೆಲಸಿದವರಲ್ಲಿ ಯೆಹೂದ್ಯರೂ ಇದ್ದರು. ಇವರ ಸಂಖ್ಯೆ ಎಂದೂ ದೊಡ್ಡದಲ್ಲ. ಮೈಸೂರು ರಸ್ತೆಯಲ್ಲಿ ಇವರ ರುದ್ರಭೂಮಿಯೊಂದು ಉಂಟು. 1904ರಲ್ಲಿ ಅದಕ್ಕೆ ನೆಲವನ್ನಿತ್ತವರು ನಾಲ್ವಡಿ ಕೃಷ್ಣರಾಜ ಒಡೆಯರು.

1948ರಲ್ಲಿ ಇಸ್ರೇಲ್ ಸ್ಥಾಪನೆಯಾದ ಬಳಿಕ ಭಾರತದ ಯೆಹೂದ್ಯರಲ್ಲಿ ಹೆಚ್ಚಿನವರು ಅಲ್ಲಿಗೆ ತೆರಳಿದರು. ಅವರ ಮೊಮ್ಮಕ್ಕಳು ಇಂದು ತಮ್ಮ ಹಿರಿಯರನ್ನು ಅರಸಹೊರಟರೆ ಕೈಗೆ ಸಿಗುವುದೇನು? ಒಂದು ಗೋರಿಕಲ್ಲು, ಸೇನಾಪಟ್ಟಿಯ ಒಂದು ಸಾಲು, ಒಂದು ಹೆಸರು. ಆ ಹೆಸರಾದರೂ ಎರಡು ಕಡೆ ಒಂದೇ ಬಗೆಯಾಗಿರುವುದು ಅಪರೂಪ.

ಮೊದಲು ಕೊಂಕಣದಿಂದ ಬಂದ ಬೆನೆ ಇಸ್ರೇಲರನ್ನು ನೋಡೋಣ. ಎಣ್ಣೆಗಾಣ ಇವರ ಕುಲಕಸುಬು. ಶನಿವಾರ ಗಾಣ ಕಟ್ಟದ ಕಾರಣ ನೆರೆಹೊರೆಯವರು ಇವರನ್ನು ‘ಶನಿವಾರ ತೇಲಿ’ಗಳೆಂದು ಕರೆದರು. ತಮ್ಮ ಹಳ್ಳಿಯ ಹೆಸರಿಗೆ ‘ಕರ್’ ಸೇರಿಸಿ ಮನೆತನದ ಹೆಸರನ್ನು ಮಾಡಿಕೊಳ್ಳುವುದು ಇವರ ವಾಡಿಕೆ. ನಮ್ಮ ರುದ್ರಭೂಮಿಯಲ್ಲಿ ಮಣ್ಣಾದ ಮೊದಲಿಗರಲ್ಲಿ ಒಬ್ಬರು ಸುಬೇದಾರ ಸ್ಯಾಮ್ಯುಯೆಲ್ ನಾಗಾವಕರ್. ಹೆಸರೇ ಊರನ್ನು ತೋರಿಸುತ್ತದೆ: ಅಲಿಬಾಗಿನ ಬಳಿಯ ನಾಗಾಂವ್. ಆದರೆ ಇಂಗ್ಲಿಷ್ ಗುಮಾಸ್ತನ ಲೇಖನಿಯಲ್ಲಿ ಅದು ನಾಗಾಂವಕರ್, ನಾಗಾವಕರ್, ನಾಗಾಓಕರ್ ಎಂದು ಹೇಗೂ ಆಗಬಹುದು. ಇದರಲ್ಲಿ ಅಚ್ಚರಿಯೇನಿಲ್ಲ. ನಮ್ಮ ‘ಗೌಡ’ ಶಬ್ದವನ್ನೇ ಇಂಗ್ಲಿಷಿನಲ್ಲಿ ಒಬ್ಬರು ‘ಯು’ ಹಾಕಿಯೂ ಇನ್ನೊಬ್ಬರು ‘ಡಬ್ಲ್ಯು’ ಹಾಕಿಯೂ ಬರೆಯುವುದಿಲ್ಲವೆ?

ಇರಾಕಿನಿಂದ ಬಂದವರದು ಬೇರೆಯೇ ತೊಡಕು. ಅವರಲ್ಲಿ ಅನೇಕರು ತಂದೆಯ ಹೆಸರನ್ನೇ ಕೊನೆಗೆ ಇಟ್ಟುಕೊಂಡರು. ತಲೆಮಾರು ಬದಲಾದಂತೆ ಕೊನೆಯ ಹೆಸರೂ ಬದಲಾಯಿತು. ಕಮರ್ಷಿಯಲ್ ಬೀದಿಯಲ್ಲಿ ಪಾದರಕ್ಷೆಗಳ ದೊಡ್ಡ ಅಂಗಡಿಯನ್ನು ನಡೆಸಿದ ರೂಬಿನ್ ಮೋಸೆಸ್ ಇರಾಕಿನ ಮೂಲದವರು. ‘ಮೋಸೆಸ್’ ಎಂಬುದು ಹೀಬ್ರೂವಿನಲ್ಲಿ ‘ಮೋಶೆ’, ಅರಬ್ಬಿಯಲ್ಲಿ ‘ಮೂಸಾ’. ಹುಡುಕುವವನು ಈ ಮೂರನ್ನೂ ಬರೆದಿಟ್ಟುಕೊಂಡೇ ಹೊರಡಬೇಕು.

ದಾಖಲೆಗಳೂ ಒಂದೆಡೆ ಇಲ್ಲ. ದಂಡು ಪ್ರದೇಶ 1881ರಿಂದ 1947ರವರೆಗೆ ಬ್ರಿಟಿಷರ ನೇರ ಆಡಳಿತದಲ್ಲಿತ್ತು. ಮೈಸೂರು ಸರ್ಕಾರದ ಕಡತಗಳು ರಾಜ್ಯ ಪತ್ರಾಗಾರದಲ್ಲಿವೆ. ಕಂಪನಿ ಸೇನೆಯ ಕಾಗದಪತ್ರಗಳನ್ನು ಲಂಡನ್ನಿನ ಬ್ರಿಟಿಷ್ ಗ್ರಂಥಾಲಯದಲ್ಲಿ ನೋಡಬೇಕು. ಇವೆರಡಕ್ಕಿಂತ ನನಗೆ ಕಲ್ಲಿನ ಮೇಲೆಯೇ ನಂಬಿಕೆ ಹೆಚ್ಚು. ಅದರ ಹೀಬ್ರೂ ಸಾಲಿನಲ್ಲಿ ‘ಬೆನ್’, ಅಂದರೆ ‘ಮಗ’, ಎಂಬ ಮಾತಿನ ಮುಂದೆ ತಂದೆಯ ಹೆಸರು ದೊರೆಯುವುದುಂಟು. ವರ್ಷ 5664 ಎಂದಿದ್ದರೆ 3760ನ್ನು ಕಳೆಯಿರಿ, 1904 ಬರುತ್ತದೆ. ಯೆಹೂದ್ಯರ ಹೊಸ ವರ್ಷ ಸೆಪ್ಟೆಂಬರ್ ಸುಮಾರಿಗೆ ತೊಡಗುವುದರಿಂದ, ಅಲ್ಲಿಂದ ಡಿಸೆಂಬರ್ ಕೊನೆಯವರೆಗಿನ ದಿನಗಳಿಗೆ 3761ನ್ನು ಕಳೆಯಬೇಕು.

ಹೆಸರು ಹೊಂದಿದ ಮಾತ್ರಕ್ಕೆ ವ್ಯಕ್ತಿ ಒಬ್ಬನೇ ಎನ್ನಲಾಗದು. ತಂದೆಯ ಹೆಸರು, ಊರು, ಕಾಲ ಇವೂ ಕೂಡಿಬರಬೇಕು. ಹೆಸರು ಹೊಂದದಿದ್ದರೂ ವ್ಯಕ್ತಿ ಒಬ್ಬನೇ ಆಗಿರಬಹುದು. ಸ್ಯಾಮ್ಯುಯೆಲ್ ಎಜೆಕಿಯೆಲ್ ದಿವೇಕರ್, ಸಾಮಾಜಿ ಹಸ್ಸಾಜಿ ದಿವೇಕರ್ ಎಂಬ ಎರಡು ಹೆಸರುಗಳು ಹೊರನೋಟಕ್ಕೆ ಬೇರೆಬೇರೆ ಜನರದಾಗಿ ತೋರುತ್ತವೆ. ಸ್ಯಾಮ್ಯುಯೆಲ್ಲನಿಗೆ ಕೊಂಕಣದ ರೂಪ ಸಾಮಾಜಿ, ಎಜೆಕಿಯೆಲ್ಲನಿಗೆ ಹಸ್ಸಾಜಿ ಎಂದು ತಿಳಿದಾಗ ಇಬ್ಬರೂ ಒಬ್ಬರಾಗುತ್ತಾರೆ. ಇವರು ಕಂಪನಿಯ ಸೇನೆಯಲ್ಲಿದ್ದು ಟಿಪ್ಪು ಸುಲ್ತಾನನ ಸೆರೆಯಲ್ಲಿ ಸಿಕ್ಕಿದ್ದರೆಂದೂ, ಬಿಡುಗಡೆಯಾದ ಹರಕೆಗಾಗಿ 1796ರಲ್ಲಿ ಮುಂಬಯಿಯಲ್ಲಿ ಪ್ರಾರ್ಥನಾ ಮಂದಿರವನ್ನು ಕಟ್ಟಿಸಿದರೆಂದೂ ಆ ಜನ ಹೇಳುತ್ತಾರೆ. ಆ ಮಂದಿರವಿರುವ ಬೀದಿಗೆ ಸ್ಯಾಮ್ಯುಯೆಲ್ ಬೀದಿ ಎಂದು ಹೆಸರು.