ಬರಿಯ ಸಾಬೂನಿನ ಸಾಮರ್ಥ್ಯ

ನಗರವೊಂದರ ಕೊಳೆಗೇರಿಯ ಮಕ್ಕಳಿಗೆ ಪಾಠ ಹೇಳುವ ಅಧ್ಯಾಪಿಕೆಯೊಬ್ಬರು, ಶಾಲೆಯ ನಲ್ಲಿಯ ಬಳಿ ಇಡುವುದಕ್ಕೆ ‘ರೋಗಾಣುನಾಶಕ’ವೆಂದು ಹೊದಿಕೆಯ ಮೇಲೆ ಅಚ್ಚಾಗಿರುವ ದುಬಾರಿಯ ಸಾಬೂನನ್ನೇ ಕೊಳ್ಳಬೇಕೆ, ಅಥವಾ ಮೂಲೆಯ ಅಂಗಡಿಯಲ್ಲಿ ದೊರೆಯುವ ಅಗ್ಗದ ಸಾಬೂನೇ ಸಾಕೆ ಎಂದು ಕೇಳಿ ಬರೆದಿರುವರು. ಅವರ ಕೈಯಲ್ಲಿರುವ ಹಣ ಅಲ್ಪ, ಜಾಹೀರಾತುಗಳ ಘೋಷವೋ ಕಿವಿಗಡಚಿಕ್ಕುವಂಥದು. ಆದುದರಿಂದ ಪ್ರಶ್ನೆ ಸಣ್ಣದೇನೂ ಅಲ್ಲ. ಸುದೈವದಿಂದ ಇದಕ್ಕೆ ಊಹೆಯ ಉತ್ತರವನ್ನು ಕೊಡಬೇಕಾದ ಅಗತ್ಯವಿಲ್ಲ. ಕರಾಚಿ ನಗರದ ಬಡವರ ಕೇರಿಗಳಲ್ಲಿ ಇದನ್ನೇ ಪರೀಕ್ಷೆಗೆ ಒಡ್ಡಿ ನೋಡಿದ್ದಾಗಿದೆ.

2002ನೆಯ ಇಸವಿಯ ಏಪ್ರಿಲಿನಿಂದ ಮೊದಲ್ಗೊಂಡು ಒಂದು ವರ್ಷ ಕಾಲ, ಅಮೆರಿಕದ ವೈದ್ಯರಾದ ಸ್ಟೀಫನ್ ಲೂಬಿಯವರೂ ‘ಹೋಪ್’ ಎಂಬ ಪಾಕಿಸ್ತಾನದ ಆರೋಗ್ಯಸಂಸ್ಥೆಯ ಕಾರ್ಯಕರ್ತರೂ ಕೂಡಿ, ಸರಕಾರದ ಅನುಮತಿಗೆ ಕಾಯದೆ ಎದ್ದುನಿಂತ ವಸತಿಗಳಲ್ಲಿ 900ಕ್ಕೂ ಹೆಚ್ಚು ಕುಟುಂಬಗಳನ್ನು ಆರಿಸಿಕೊಂಡರು. 300 ಮನೆಗಳಿಗೆ ಟ್ರೈಕ್ಲೋಕಾರ್ಬನ್ ಎಂಬ ರೋಗಾಣುನಾಶಕವನ್ನು ಬೆರೆಸಿದ ಸಾಬೂನು, ಬೇರೆ 300 ಮನೆಗಳಿಗೆ ನೋಟದಲ್ಲಿ ಅದರಂತೆಯೇ ಇದ್ದ ಸಾದಾ ಸಾಬೂನು; ಉಳಿದವರಿಗೆ ಸಾಬೂನಿಲ್ಲ, ಬದಲಿಗೆ ಮಕ್ಕಳ ಓದಿಗೆ ಪುಸ್ತಕ, ಪೆನ್ಸಿಲು ಮುಂತಾದುವು. ಯಾವ ಮನೆಗೆ ಯಾವ ಸಾಬೂನು ಹೋಗಿದೆಯೆಂಬುದು ಬಳಸುವ ತಾಯಂದಿರಿಗೂ ತಿಳಿಯದು, ತಂದುಕೊಡುವ ಕಾರ್ಯಕರ್ತರಿಗೂ ತಿಳಿಯದು. ಸಾಬೂನು ಪಡೆದ ಮನೆಗಳಿಗೆ ಕಾರ್ಯಕರ್ತರು ವಾರವಾರವೂ ಹೋಗಿ, ಶೌಚದ ಬಳಿಕ, ಮಗುವಿನ ಮಲ ತೊಳೆದ ಬಳಿಕ, ಅಡಿಗೆಗೂ ಊಟಕ್ಕೂ ಮುಂಚೆ ಕೈ ತೊಳೆಯಬೇಕೆಂದು ತಾಳ್ಮೆಯಿಂದ ಹೇಳಿಕೊಟ್ಟರು. ವರ್ಷದ ಕೊನೆಯಲ್ಲಿ ಲೆಕ್ಕ ಹಾಕಿದಾಗ, ಸಾಬೂನು ಪಡೆಯದ ಮನೆಗಳಿಗೆ ಹೋಲಿಸಿದರೆ ಸಾದಾ ಸಾಬೂನಿನ ಮನೆಗಳಲ್ಲಿ, ಹದಿನೈದು ವರ್ಷದೊಳಗಿನ ಮಕ್ಕಳಲ್ಲಿ ಭೇದಿಯು ಪ್ರತಿಶತ 53ರಷ್ಟು, ಕೀವುಗಟ್ಟುವ ಚರ್ಮರೋಗವು 34ರಷ್ಟು, ಐದು ವರ್ಷದೊಳಗಿನ ಶಿಶುಗಳಲ್ಲಿ ನ್ಯುಮೋನಿಯಾ ಸರಿಯಾಗಿ ಅರ್ಧದಷ್ಟು ಇಳಿದಿದ್ದಿತು. ರೋಗಾಣುನಾಶಕ ಸಾಬೂನಿಗೂ ಸಾದಾ ಸಾಬೂನಿಗೂ ನಡುವೆ ಮಾತ್ರ ಹೇಳಿಕೊಳ್ಳುವಂಥ ಅಂತರವೇ ಕಾಣಲಿಲ್ಲ. ಈ ಪ್ರಯೋಗಕ್ಕೆ ಹಣ ಒದಗಿಸಿದವರಲ್ಲಿ ಸಾಬೂನು ತಯಾರಕರಾದ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಸಂಸ್ಥೆಯವರೂ ಇದ್ದರು. ಹೀಗಿದ್ದೂ 2005ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಫಲಿತಾಂಶವು ಇದ್ದದ್ದು ಇದ್ದಂತೆ ಪ್ರಕಟವಾದದ್ದು ವಿಜ್ಞಾನಕ್ಕೆ ಗೌರವ ತರುವ ಸಂಗತಿ.

ವಿಷವೊಂದೂ ಇಲ್ಲದ ಸಾಬೂನಿಗೆ ಇಷ್ಟು ಶಕ್ತಿ ಎಲ್ಲಿಯದು? ಬೆಳಗಾವಿಯ ಕಡೆಯ ಗಡಿಯೂರಿನ ಸಂತೆಯೊಂದನ್ನು ನೆನೆಯೋಣ. ಕನ್ನಡವೊಂದನ್ನೇ ಬಲ್ಲ ಜನಸಂದಣಿಯ ನಡುವೆ, ಮರಾಠಿಯೊಂದನ್ನೇ ಬಲ್ಲ ವರ್ತಕನೊಬ್ಬನು ತನ್ನ ಗಂಟನ್ನು ಇಳಿಸಿಕೊಂಡು ಕುಳಿತಿದ್ದಾನೆ. ಜನ ಅವನ ಪಕ್ಕದಲ್ಲಿಯೇ ಹರಿದು ಹೋಗುತ್ತಿದ್ದರೂ ಅವನು ಯಾರೊಡನೆಯೂ ಬೆರೆಯಲಾರ, ಕುಳಿತ ಜಾಗವನ್ನು ಬಿಟ್ಟು ಏಳಲಾರ. ಕೈಯ ಮೇಲಿನ ಜಿಡ್ಡು ಆ ವರ್ತಕ. ಹರಿಯುವ ನೀರು ಆ ಜನಸಂದಣಿ. ರೋಗಾಣುಗಳು ಅವನ ಗಂಟಿನಲ್ಲಿರುವ ಸರಕು. ಆಗ ಎರಡು ನುಡಿಗಳನ್ನೂ ಬಲ್ಲ ದಲ್ಲಾಳಿಗಳು ಹಿಂಡುಹಿಂಡಾಗಿ ಬಂದು, ಮರಾಠಿಯಲ್ಲಿ ಮಾತನಾಡಿಸುತ್ತ ವರ್ತಕನನ್ನು ಸುತ್ತುಗಟ್ಟಿ, ಹೊರಮುಖವಾಗಿ ಕನ್ನಡದಲ್ಲಿ ದಾರಿ ಕೇಳುತ್ತ, ಅವನನ್ನು ಗಂಟುಸಮೇತ ಎಬ್ಬಿಸಿ ಸಂತೆಯ ಆಚೆಗೆ ಸಾಗಿಸಿಬಿಡುವರು. ಸಾಬೂನಿನ ಅಣುವು ಇಂಥ ದಲ್ಲಾಳಿ. ಅದರ ಒಂದು ತುದಿ ನೀರಿಗೆ ಒಲಿಯುವುದು, ಉದ್ದನೆಯ ಬಾಲ ಜಿಡ್ಡಿಗೆ ಒಲಿಯುವುದು. ನೊರೆಯೊಳಗೆ ಅಣುಗಳು ತಮ್ಮ ಬಾಲಗಳನ್ನು ಜಿಡ್ಡಿನ ಕಣದಲ್ಲಿ ನೆಟ್ಟು, ತಲೆಗಳನ್ನು ನೀರಿನ ಕಡೆಗೆ ಚಾಚಿ, ಗುಂಡಗೆ ಕವಿದು ಅದನ್ನು ಚರ್ಮದಿಂದ ಎತ್ತಿಕೊಂಡು ಹೋಗುವುವು. ದಲ್ಲಾಳಿಗಳು ಎಲ್ಲರ ಬಳಿಗೂ ತಲುಪುವುದಕ್ಕೆ ಹೊತ್ತು ಹಿಡಿಯುತ್ತದೆ, ತಳ್ಳಾಟವೂ ಬೇಕಾಗುತ್ತದೆ. ಕೈಗಳನ್ನು ಸಾವಧಾನವಾಗಿ ಉಜ್ಜಬೇಕೆಂದು ಹೇಳುವುದು ಈ ಕಾರಣಕ್ಕಾಗಿಯೇ. ಶೀತಜ್ವರದ ವೈರಸ್ಸಿನಂಥವು ಮೇದಸ್ಸಿನ ಹೊದಿಕೆಯನ್ನೇ ಹೊದ್ದಿರುವುದರಿಂದ, ಸಾಬೂನಿನ ಬಾಲಗಳು ಆ ಹೊದಿಕೆಯೊಳಗೂ ನುಗ್ಗಿ ಅದನ್ನು ಹರಿದುಹಾಕುವುವು. ಮೂಗು ಮುಟ್ಟಿದ ಕೈ ಕೂಸಿನ ಮುಖವನ್ನು ಮುಟ್ಟುವಾಗಲೂ ಸೋಂಕು ದಾಟುವುದುಂಟಾದ್ದರಿಂದ, ಕೈ ತೊಳೆದರೆ ಶ್ವಾಸಕೋಶದ ರೋಗವೂ ಕುಗ್ಗಿದ್ದರಲ್ಲಿ ಸೋಜಿಗವಿಲ್ಲ.

ರೋಗಾಣುನಾಶಕವೆಂಬ ಹೆಸರಿಗಾಗಿ ಅಧಿಕ ಬೆಲೆ ತೆರುವುದು ಬಡವರ ಪಾಲಿಗೆ ನಷ್ಟವೇ ಸರಿ. ಅಮೆರಿಕದ ಆಹಾರ ಮತ್ತು ಔಷಧ ಇಲಾಖೆಯು 2016ರಲ್ಲಿ, ಸಾದಾ ಸಾಬೂನಿಗಿಂತ ರೋಗಾಣುನಾಶಕ ಸಾಬೂನುಗಳು ಮೇಲೆಂಬುದಕ್ಕೂ ದಿನನಿತ್ಯದ ದೀರ್ಘ ಬಳಕೆಗೆ ಕ್ಷೇಮವೆಂಬುದಕ್ಕೂ ತಯಾರಕರು ಸಾಕಷ್ಟು ಆಧಾರ ಒದಗಿಸಲಿಲ್ಲವೆಂದು, ಮನೆಬಳಕೆಯ ಸಾಬೂನುಗಳಿಂದ 19 ರಾಸಾಯನಿಕಗಳನ್ನು ಹೊರಹಾಕಿತು. ಕರಾಚಿಯಲ್ಲಿ ಬಳಸಿದ ಟ್ರೈಕ್ಲೋಕಾರ್ಬನ್ನೂ ಅವುಗಳಲ್ಲಿ ಒಂದು.

ಆದರೆ ಸಾಬೂನಿನ ಆಯ್ಕೆಗಿಂತ ಕಠಿನವಾದುದು ಅಭ್ಯಾಸದ ಉಳಿವು. ಕರಾಚಿಯಲ್ಲಿಯೇ ನಡೆದ ಇಂಥ ಇನ್ನೊಂದು ಪ್ರಯೋಗ ಮುಗಿದು ಒಂದೂವರೆ ವರ್ಷವಾದ ಮೇಲೆ ಲೂಬಿಯವರ ತಂಡ ಆ ಮನೆಗಳಿಗೆ ಮರಳಿ ಹೋದಾಗ, ಕೈ ತೊಳೆಯುವ ಜಾಗದಲ್ಲಿ ನೀರೂ ಸಾಬೂನೂ ಇದ್ದ ಮನೆಗಳು ಹಿಂದೆ ಪಾಠ ಕೇಳಿದ್ದವರಲ್ಲಿಯೇ ಹೆಚ್ಚಾಗಿದ್ದವು. ತೊಳೆಯುವ ಕ್ರಮವನ್ನೂ ಅವರು ಮರೆತಿರಲಿಲ್ಲ. ಹಾಗಿದ್ದರೂ ಅವರು ಇತರರಿಗಿಂತ ಹೆಚ್ಚು ಸಾಬೂನನ್ನು ಕೊಂಡು ತರುತ್ತಿರಲಿಲ್ಲ, ಭೇದಿಯ ಪ್ರಮಾಣದಲ್ಲಿಯೂ ವ್ಯತ್ಯಾಸ ಉಳಿದಿರಲಿಲ್ಲ. ಇದನ್ನು ಬಡವರ ಅಲಕ್ಷ್ಯವೆಂದು ಬಗೆಯುವವರ ಮಾತನ್ನು ನಾನು ಒಪ್ಪಲಾರೆ. ಮೊದಲ ಪ್ರಯೋಗದಲ್ಲಿ ಉಚಿತವಾಗಿ ಬರುತ್ತಿದ್ದಾಗ ಮನೆಯೊಂದಕ್ಕೆ ವಾರಕ್ಕೆ ಮೂರಕ್ಕೂ ಹೆಚ್ಚು ಸಾಬೂನುಗಳು ಖರ್ಚಾಗುತ್ತಿದ್ದವು. ದಿನಗೂಲಿಯ ಸಂಸಾರವು ಆ ವೆಚ್ಚವನ್ನು ಹಿಟ್ಟಿನ ಬೆಲೆಯೊಡನೆ ತೂಗಿ ನೋಡಲೇಬೇಕಾಗುತ್ತದೆ. ಶಾಲೆಯಲ್ಲಿಯಾದರೋ ಒಂದು ಅನುಕೂಲವುಂಟು: ಸಾಬೂನಿನ ಭಾರವನ್ನು ಶಾಲೆಯೇ ಹೊತ್ತು, ಪಾಠವನ್ನು ವರ್ಷವರ್ಷವೂ ಮುಂದುವರಿಸಬಹುದು.

ಬಾಗಿಲಿನ ಮುಂದೆ ಮಲಜಲ ಹರಿಯುತ್ತಿರುವಾಗ ಒಳಗೆ ಎಷ್ಟು ತೊಳೆದರೇನು ಎಂಬ ಪ್ರಶ್ನೆ ಇನ್ನೊಂದಿದೆ. ಅದನ್ನು ಕೈಗೆತ್ತಿಕೊಂಡದ್ದೂ ಕರಾಚಿಯಲ್ಲಿಯೇ. 1943ರ ಬಂಗಾಳದ ಕ್ಷಾಮವನ್ನು ಕಣ್ಣಾರೆ ಕಂಡು ಐ.ಸಿ.ಎಸ್. ಹುದ್ದೆಯನ್ನು ತೊರೆದು, ಅಲೀಗಢದ ಬಳಿ ಬೀಗ ಮಾಡುವ ಕೆಲಸಗಾರರಾಗಿ ಬಾಳಿದ್ದ ಅಖ್ತರ್ ಹಮೀದ್ ಖಾನರು, 1980ರಲ್ಲಿ ಓರಂಗಿ ಎಂಬ ವಿಶಾಲವಾದ ಬಡ ವಸತಿಗೆ ಬಂದರು. ಉಪದೇಶಕ್ಕೆ ಮುಂಚೆ ಅವರು ಗಲ್ಲಿಗಲ್ಲಿಯನ್ನೂ ಸುತ್ತಿ ಜನರ ಮಾತನ್ನು ಆಲಿಸಿದರು. ಚರಂಡಿ ಬೇಕೆಂಬುದು ಎಲ್ಲರಿಗೂ ಗೊತ್ತಿದ್ದಿತು; ಅದು ಸರಕಾರದ ಕೆಲಸವೆಂಬ ಭಾವನೆ, ಗುತ್ತಿಗೆದಾರರ ಬೆಲೆ, ತಾಂತ್ರಿಕ ಜ್ಞಾನದ ಕೊರತೆ, ಒಟ್ಟುಗೂಡುವ ಅಭ್ಯಾಸದ ಅಭಾವ, ಈ ನಾಲ್ಕು ಅಡ್ಡವಾಗಿದ್ದವು. ಖಾನರ ಸಂಸ್ಥೆ ಜನರಿಗೆ ಹಣ ಕೊಡಲಿಲ್ಲ. ಇಪ್ಪತ್ತು ಮೂವತ್ತು ಮನೆಗಳ ಒಂದೊಂದು ಗಲ್ಲಿಯೂ ತನ್ನ ಮುಖಂಡನನ್ನು ಆರಿಸಿಕೊಂಡರೆ, ಅವರಿಗೆ ನೆಲದ ಮಟ್ಟ ನೋಡಿಕೊಟ್ಟು, ಖರ್ಚಿನ ಅಂದಾಜು ಹಾಕಿ, ಸಲಕರಣೆಗಳನ್ನು ಎರವಲು ಕೊಟ್ಟು, ಮ್ಯಾನ್‌ಹೋಲ್ ಎರಕ ಹೊಯ್ಯುವುದಕ್ಕೆ ಉಕ್ಕಿನ ಅಚ್ಚುಗಳನ್ನು ಒದಗಿಸಿತು. ಗುತ್ತಿಗೆದಾರನ ಲಾಭವೂ ಅನಗತ್ಯ ವಿನ್ಯಾಸವೂ ಹೋದ ಮೇಲೆ ವೆಚ್ಚವು ಸರಕಾರದ ದರದ ಅಲ್ಪಾಂಶಕ್ಕೆ ಇಳಿಯಿತು. ಕೆಲವು ದಶಕಗಳಲ್ಲಿ ಲಕ್ಷದ ಆಸುಪಾಸಿನ ಮನೆಗಳು ತಮ್ಮ ಹಣದಿಂದಲೇ ಶೌಚಾಲಯವನ್ನೂ ಗಲ್ಲಿಯ ಚರಂಡಿಯನ್ನೂ ಕಟ್ಟಿಕೊಂಡುವು.

ಮನೆಯೊಳಗಿನದು, ಗಲ್ಲಿಯದು, ಅವನ್ನು ಕೂಡಿಸುವ ನಡುವಿನ ಚರಂಡಿ, ಇಷ್ಟನ್ನು ಜನ ಮಾಡಬಲ್ಲರು. ಮಹಾಚರಂಡಿಯನ್ನೂ ಶುದ್ಧೀಕರಣಾಗಾರವನ್ನೂ ಸರಕಾರವೇ ಕಟ್ಟಬೇಕೆಂದು ಖಾನರು ವಿಭಾಗಿಸಿದ್ದರು. ಆ ಎರಡನೆಯ ಭಾಗಕ್ಕಾಗಿ ಹೋರಾಡಿದವರು, 2013ರಲ್ಲಿ ಹಂತಕರ ಗುಂಡಿಗೆ ಬಲಿಯಾದ ವಾಸ್ತುಶಿಲ್ಪಿ ಪರವೀನ್ ರಹಮಾನರು. ಜನರು ಕಟ್ಟಿಕೊಂಡ ಚರಂಡಿಗಳೆಲ್ಲ ಮಳೆನೀರು ಹರಿಯುವ ಸ್ವಾಭಾವಿಕ ನಾಲೆಗಳಿಗೇ ಹೋಗಿ ಸೇರುತ್ತಿವೆಯೆಂದೂ, ಆ ನಾಲೆಗಳನ್ನೇ ಸರಿಪಡಿಸಿ ಮುಚ್ಚಿದರೆ ಮಹಾಚರಂಡಿಯ ಕೆಲಸ ಬಹುಮಟ್ಟಿಗೆ ಆಗುವುದೆಂದೂ, ಅವರು ಸ್ಥಳೀಯ ತರುಣರಿಗೆ ಅಳತೆಯ ಕೆಲಸವನ್ನು ಕಲಿಸಿ ಬರೆಸಿದ ನಕ್ಷೆಗಳು ತೋರಿಸಿಕೊಟ್ಟವು.